ಎಡಗಡೆ ಹನ್ನೊಂದು, ಬಲಗಡೆ ಸೊನ್ನೆ: ಟ್ರೋಲಿಂಗ್ ಸೆಟ್‌ನಲ್ಲಿ ದೋಷ ಹುಡುಕಿದ ಬಗೆ

ಹೋದ ವರ್ಷ ಜುಲೈನಲ್ಲಿ ಮೂರು ಭಾನುವಾರ ನಮ್ಮ ಬೋಟ್‌ನಲ್ಲಿ ಒಂದೇ ಕಥೆ. ಟೊರಾಂಟೊದ ಬ್ಲಫರ್ಸ್ ಪಾರ್ಕ್‌ನಲ್ಲಿ ಬೆಳಗಿನ ಜಾವ ಬೋಟ್ ಇಳಿಸಿ ಒಂಟಾರಿಯೊ ಸರೋವರದೊಳಗೆ ನಾಲ್ಕೈದು ಮೈಲಿ ಹೋಗುತ್ತಿದ್ದೆವು. ಎಡಗಡೆಯ ರಾಡ್‌ಗೆ ಮೀನು ಹೊಡೆಯುತ್ತಿತ್ತು. ಬಲಗಡೆಯದು ಅಲುಗುತ್ತಲೂ ಇರಲಿಲ್ಲ. ಮೂರು ದಿನ ಸೇರಿ ಎಡಗಡೆ ಹನ್ನೊಂದು ಹೊಡೆತ, ಬಲಗಡೆ ಸೊನ್ನೆ. ಬಲಗಡೆ ಕೂತಿದ್ದವರು ನಮ್ಮ ಭಾವ. "ನನ್ನ ಕಾಲ್ಗುಣವೇ ಸರಿಯಿಲ್ಲ ಮಾರಾಯ" ಅಂತ ಮೂರನೇ ವಾರ ಜಾಗ ಬದಲಾಯಿಸಿಕೊಂಡರು. ಆಮೇಲೂ ಹೊಡೆದದ್ದು ಎಡಗಡೆಯೇ.

ಕಾರಣ ಕೊನೆಗೆ ಸಿಕ್ಕಿತು. ಅದು ಸಿಗುವ ಮೊದಲು ಸುಮಾರು ತಪ್ಪು ಬಾಗಿಲು ತಟ್ಟಿದ್ದೆ. ಯಾರಿಗಾದರೂ ಸಮಯ ಉಳಿಯಲಿ ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ. ಟ್ರೋಲಿಂಗ್ ಅಂದರೆ ಊರಲ್ಲಿ ನಮ್ಮ ದೊಡ್ಡಪ್ಪನಿಗೆ ಮಲ್ಪೆಯ ಟ್ರಾಲ್ ಬೋಟ್ ನೆನಪಾಗುತ್ತದೆ. ಅದು ಬಲೆ ಎಳೆಯುವ ಕೆಲಸ. ಇಲ್ಲಿ ಬಲೆ ಇಲ್ಲ. ಬೋಟ್ ನಿಧಾನಕ್ಕೆ ಹೋಗುತ್ತಿರುತ್ತದೆ, ಹಿಂದೆ ಗಾಳ ಬರುತ್ತಿರುತ್ತದೆ. ತೆಳ್ಳಗಿನ ಲೋಹದ ಸ್ಪೂನ್ ಒಂದು ಗಾಯಗೊಂಡ ಸಣ್ಣ ಮೀನಿನ ಹಾಗೆ ಓಲಾಡುತ್ತಾ ಬರಬೇಕು. ಬೇಸಿಗೆಯಲ್ಲಿ ಸಾಲ್ಮನ್ ಆಳದಲ್ಲಿರುತ್ತದೆ. ಅಷ್ಟು ಆಳಕ್ಕೆ ಹಗುರವಾದ ಸ್ಪೂನ್ ತಾನಾಗಿ ಇಳಿಯುವುದಿಲ್ಲ. ಅದಕ್ಕೆ ಡೌನ್‌ರಿಗ್ಗರ್ ಬೇಕು. ಬಾವಿಯ ರಾಟೆಯಂಥ ಯಂತ್ರ ಅದು. ಡ್ರಮ್ಮಿಗೆ ಸುತ್ತಿದ ಸ್ಟೀಲ್ ಕೇಬಲ್, ಅದರ ತುದಿಗೆ 12 ಪೌಂಡಿನ ಸೀಸದ ಗುಂಡು. ಗುಂಡಿನ ಹತ್ತಿರ ಒಂದು ಕ್ಲಿಪ್. ಗಾಳದ ದಾರವನ್ನು ಕ್ಲಿಪ್‌ಗೆ ಸಿಕ್ಕಿಸಿ ಗುಂಡನ್ನು ಇಳಿಸಬೇಕು. ಮೀನು ಹೊಡೆದರೆ ಕ್ಲಿಪ್‌ನಿಂದ ದಾರ ಬಿಡುತ್ತದೆ, ಆಮೇಲೆ ನೀವುಂಟು ಮೀನುಂಟು.

ಈ ಸರೋವರದಲ್ಲಿ ಬೋಟ್‌ನಿಂದ ಹಿಡಿಯುವಾಗ ಒಬ್ಬರು ಎರಡು ಗಾಳ ಹಾಕಬಹುದು. ನಾವಿಬ್ಬರು, ನಾಲ್ಕು ಗಾಳ. ಎರಡು ಡೌನ್‌ರಿಗ್ಗರ್‌ಗೆ, ಎರಡು ಡೈವರ್‌ಗೆ. ಡೈವರ್ ಅಂದರೆ ಪಕ್ಕಕ್ಕೂ ಕೆಳಕ್ಕೂ ಎಳೆದುಕೊಂಡು ಹೋಗುವ ಪ್ಲಾಸ್ಟಿಕ್ ತಟ್ಟೆ.

ಒಂದೇ ಕಡೆ ಸುಮ್ಮನಿದ್ದರೆ

ಮೀನು ಹೊಡೆಯದಿದ್ದಾಗ ಎಲ್ಲರ ಕೈ ಮೊದಲು ಹೋಗುವುದು ಸ್ಪೂನಿನ ಡಬ್ಬಿಗೆ. ಹಸಿರು ತೆಗೆದು ನೀಲಿ, ನೀಲಿ ತೆಗೆದು ಬೆಳ್ಳಿ. ನನ್ನ ಕೈಯೂ ಅಲ್ಲಿಗೇ ಹೋಗಿತ್ತು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಕೇಳಬೇಕಾದ್ದು ಇಷ್ಟು: ಎರಡೂ ಕಡೆ ಸುಮ್ಮನಿದೆಯಾ, ಒಂದೇ ಕಡೆಯಾ? ಎರಡೂ ಕಡೆ ಸುಮ್ಮನಿದ್ದರೆ ನೀವು ತಪ್ಪು ನೀರಿನಲ್ಲಿದ್ದೀರಿ, ಇಲ್ಲವೇ ಸ್ಪೀಡು ತಪ್ಪಿದೆ. ಒಂದೇ ಕಡೆ ಆದರೆ ನೀರು ಸರಿಯಾಗಿದೆ, ಮೀನೂ ಇದೆ. ದೋಷ ನಿಮ್ಮ ಸಾಮಾನಿನಲ್ಲಿದೆ.

ಹಾಗಾದಾಗ ಒಂದೊಂದೇ ವಸ್ತುವನ್ನು ಆಚೆಯಿಂದ ಈಚೆಗೆ ತನ್ನಿ. ಮೊದಲು ಸ್ಪೂನ್‌ಗಳನ್ನು ಅದಲು ಬದಲು ಮಾಡಿ, ಲೀಡರ್ (ಸ್ಪೂನಿಗೆ ಕಟ್ಟಿದ ಕೊನೆಯ ತುಂಡು ದಾರ) ಮತ್ತು ಸ್ವಿವೆಲ್ (ದಾರ ತಿರುಚದಂತೆ ತಿರುಗುವ ಲೋಹದ ಕೊಂಡಿ) ಸಮೇತ. ಆಮೇಲೆ ರಾಡ್ ರೀಲುಗಳನ್ನು. ಒಂದೇ ಸಲಕ್ಕೆ ಎಲ್ಲ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಸ್ಪೂನ್ ಆಚೆಗೆ ಹೋದ ಮೇಲೆ ಮೀನೂ ಆಚೆಗೆ ಹೋದರೆ ತಂಟೆ ಇದ್ದದ್ದು ಸ್ಪೂನಿನಲ್ಲಿ. ಅದನ್ನು ಬೋಟಿನ ಪಕ್ಕ ನೀರಲ್ಲಿ ಎಳೆದು ನೋಡಿ. ಎಡಕ್ಕೂ ಬಲಕ್ಕೂ ಹೊಯ್ದಾಡಬೇಕು. ಬರೀ ಗಿರಗಿರ ತಿರುಗುತ್ತಿದ್ದರೆ ಸ್ಪೂನ್ ಬಗ್ಗಿರುತ್ತದೆ, ಅಥವಾ ಯಾರೋ ದಪ್ಪ ಸ್ವಿವೆಲ್ ಹಾಕಿರುತ್ತಾರೆ. ಎಷ್ಟೋ ಸಲ ಗಾಳಕ್ಕೆ ಸಿಕ್ಕಿದ ಬೆರಳುದ್ದದ ಪಾಚಿ ಎಳೆಯೇ ಆಟ ಕೆಡಿಸಿರುತ್ತದೆ.

ನಾವು ಸ್ಪೂನ್ ಬದಲಾಯಿಸಿದೆವು, ರಾಡ್ ಬದಲಾಯಿಸಿದೆವು, ಭಾವನನ್ನೂ ಬದಲಾಯಿಸಿದೆವು. ಬಲಗಡೆ ಸುಮ್ಮನೇ ಇತ್ತು. ಅಂದರೆ ಉಳಿದದ್ದು ಬಲಗಡೆಯ ಡೌನ್‌ರಿಗ್ಗರ್ ಒಂದೇ.

ಅದರಲ್ಲಿ ಹೊಸದೇನಿತ್ತು? ಆ ವರ್ಷ ಮೇ ತಿಂಗಳಲ್ಲಿ ಬಲಗಡೆಯ ಸ್ಟೀಲ್ ಕೇಬಲ್ ತೆಗೆದು ಹೆಣೆದ ದಾರ ಹಾಕಿದ್ದೆ. ಇಲ್ಲಿ ಅದಕ್ಕೆ ಬ್ರೇಡ್ ಅನ್ನುತ್ತಾರೆ. ಅದು ಗುಂಯ್ ಅನ್ನುವುದಿಲ್ಲ, ಎಳೆ ಎಳೆಯಾಗಿ ಬಿಚ್ಚಿಕೊಂಡು ಬೆರಳಿಗೆ ಚುಚ್ಚುವುದಿಲ್ಲ.

ಇದನ್ನು ಹೇಳಿದ್ದೇ ತಡ, ಬೋಟ್ ಕಟ್ಟುವ ಕಟ್ಟೆಯಲ್ಲಿ ಸಿಗುವ ಹಿರಿಯರೊಬ್ಬರು ತೀರ್ಪು ಕೊಟ್ಟರು. "ಕರೆಂಟ್ ಹೋಯ್ತು ನಿನ್ನದು, ಅದಕ್ಕೇ." ಅವರ ವಾದ ಪೂರ್ತಿ ಹುರುಳಿಲ್ಲದ್ದಲ್ಲ. ಮೋಟಾರಿನ ಅಲ್ಯೂಮಿನಿಯಂ, ಅದಕ್ಕೆ ಹಾಕಿದ ಸತುವಿನ ತುಂಡು, ಸ್ಟೀಲ್ ಕೇಬಲ್ ಎಲ್ಲ ಒಂದೇ ನೀರಿನಲ್ಲಿರುವಾಗ ಬೋಟ್ ಒಂದು ದುರ್ಬಲ ಬ್ಯಾಟರಿಯ ಹಾಗೆ ಆಗುತ್ತದೆ. ಕೇಬಲ್ ಸುತ್ತ ಚೂರು ವೋಲ್ಟೇಜ್ ಇರುತ್ತದೆ. ಅದು ಸರಿಯಿದ್ದರೆ ಸಾಲ್ಮನ್ ಹತ್ತಿರ ಬರುತ್ತದೆ, ಕೆಟ್ಟಿದ್ದರೆ ಓಡುತ್ತದೆ ಅಂತ ಪೆಸಿಫಿಕ್ ಕರಾವಳಿಯಲ್ಲಿ ಸಾಲ್ಮನ್ ಹಿಡಿದು ಬದುಕುವವರು ನಂಬುತ್ತಾರೆ. ಈ ವೋಲ್ಟೇಜ್ ಹೊಂದಿಸುವ ಪೆಟ್ಟಿಗೆಗಳೂ ಮಾರಾಟಕ್ಕಿವೆ.

ಅಳೆಯುವುದು ಸುಲಭ. ಬೋಟ್ ನೀರಲ್ಲಿರಲಿ, ಗುಂಡು ಕೆಳಗಿರಲಿ. ಮಲ್ಟಿಮೀಟರನ್ನು ಡಿಸಿಗೆ ಇಟ್ಟು ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಕೆಂಪು ಕಡ್ಡಿ ಕೇಬಲ್‌ಗೆ ಮುಟ್ಟಿಸಿ. ಎಲ್ಲ ಸ್ವಿಚ್ ಆಫ್ ಮಾಡಿ ಒಂದು ಸಲ ನೋಡಿ. ಆಮೇಲೆ ಫಿಶ್ ಫೈಂಡರ್ (ನೀರಿನಡಿಯ ಮೀನನ್ನು ಪರದೆಯಲ್ಲಿ ತೋರಿಸುವ ಯಂತ್ರ), ಪಂಪು, ದೀಪ ಅಂತ ಒಂದೊಂದೇ ಆನ್ ಮಾಡುತ್ತಾ ನೋಡಿ. ಯಾವುದಾದರೂ ಒಂದನ್ನು ಹಾಕಿದ ಕೂಡಲೇ ಅಂಕಿ ಹಾರಿದರೆ ಅದರ ವೈರಿನಲ್ಲಿ ಸೋರಿಕೆ ಇದೆ. ಮೀನಿನ ಮಾತು ಬಿಡಿ, ಮೋಟಾರಿನ ಲೋಹ ತಿಂದುಹೋಗುತ್ತದೆ. ಅದಕ್ಕಾದರೂ ಸರಿಮಾಡಿಸಲೇಬೇಕು.

ನನ್ನ ಎಡಗಡೆಯ ಕೇಬಲ್ 0.6 ವೋಲ್ಟ್ ತೋರಿಸಿತು, ಏನು ಆನ್ ಮಾಡಿದರೂ ಅಲುಗಲಿಲ್ಲ. ಬಲಗಡೆ ಬ್ರೇಡಿನಲ್ಲಿ ಏನೂ ಇಲ್ಲ. ದಾರದಲ್ಲಿ ಕರೆಂಟ್ ಹರಿಯಬೇಕಲ್ಲ! ಹಿರಿಯರು ಹೇಳಿದ್ದೇ ನಿಜ ಅಂತ ಒಂದು ವಾರ ನಾನೂ ನಂಬಿದೆ. ಪೆಟ್ಟಿಗೆಯ ಬೆಲೆಯನ್ನೂ ವಿಚಾರಿಸಿದೆ. ತಡೆದದ್ದು ಒಂದೇ ಯೋಚನೆ. ಇದೇ ಸರೋವರದಲ್ಲಿ ಎರಡೂ ಕಡೆ ಬ್ರೇಡ್ ಹಾಕಿಕೊಂಡು ಪೆಟ್ಟಿಗೆ ತುಂಬ ಮೀನು ತರುವವರನ್ನು ಕಣ್ಣಾರೆ ನೋಡಿದ್ದೆ. ಉಪ್ಪುನೀರಿನ ಹಾಗೆ ಸಿಹಿನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುವುದೂ ಇಲ್ಲ.

ಆಮೇಲೆ ಒಂದು ಸಂಜೆ ಮನೆ ಮುಂದೆ ಗಾಡಿ ನಿಲ್ಲಿಸುವ ಜಾಗದಲ್ಲೇ ಅಳೆದೆ. ಗುಂಡು ಬಿಚ್ಚಿ, ಬ್ರೇಡಿನ ತುದಿಯನ್ನು ಮಗನ ಕೈಗೆ ಕೊಟ್ಟು ನಡೆಯಲು ಹೇಳಿದೆ. ಎಷ್ಟು ಅಡಿ ಇಳಿಯಿತು ಅಂತ ತೋರಿಸುವ ಕೌಂಟರ್ 50 ಅಂದಾಗ ನಿಲ್ಲಿಸಿ, ಟೇಪು ಹಿಡಿದೆವು. ಅವನು ಬಗ್ಗಿ ಓದಿದ. "ಅಪ್ಪಾ, ನಲವತ್ತೆರಡೂ ಇಲ್ಲ."

ವಿಷಯ ಇಷ್ಟೇ. ಡೌನ್‌ರಿಗ್ಗರಿನ ಕೌಂಟರ್‌ಗೆ ಅಡಿ ಗೊತ್ತಿಲ್ಲ. ಡ್ರಮ್ ಎಷ್ಟು ಸುತ್ತು ತಿರುಗಿತು ಅಂತ ಎಣಿಸುವುದು ಮಾತ್ರ ಗೊತ್ತು. ಡ್ರಮ್ ತುಂಬಿದ್ದಾಗ ಒಂದು ಸುತ್ತಿಗೆ ಒಂದಡಿ ಅಂತ ಲೆಕ್ಕ. ಬ್ರೇಡ್ ಸ್ಟೀಲಿಗಿಂತ ಸಣ್ಣ. ಅಷ್ಟೇ ಉದ್ದ ಸುತ್ತಿದರೂ ಡ್ರಮ್ ತುಂಬಲಿಲ್ಲ. ಹೊಲಿಗೆ ಮಷಿನ್ನಿನ ಬಾಬಿನ್‌ನಲ್ಲಿ ನೂಲು ಮುಗಿಯುತ್ತಾ ಬಂದಾಗ ಬಾಬಿನ್ ಬಿರಬಿರ ತಿರುಗುವುದನ್ನು ನೋಡಿದ್ದೀರಲ್ಲ, ಅದೇ ಇದು. ನನ್ನದರಲ್ಲಿ ಒಂದು ಸುತ್ತಿಗೆ ಹತ್ತು ಇಂಚು ಮಾತ್ರ ಇಳಿಯುತ್ತಿತ್ತು. ಕೌಂಟರ್ 70 ಅಂದಾಗ ನಿಜಕ್ಕೂ ಇಳಿದದ್ದು 58 ಅಡಿ. ಸಣ್ಣ ದಾರವಾದ್ದರಿಂದ ಗುಂಡು ಹಿಂದಕ್ಕೆ ಓಲುವುದು ಕಡಿಮೆ, ಅದರಲ್ಲಿ ಒಂದೆರಡು ಅಡಿ ವಾಪಸ್ ಸಿಕ್ಕಿರಬಹುದು. ಆದರೂ ಎಡಗಡೆಯದಕ್ಕಿಂತ ಹತ್ತಡಿ ಮೇಲೆ.

ಹತ್ತಡಿಯಲ್ಲಿ ಏನು ಮಹಾ ಅನ್ನಬಹುದು. ಮುಂದಿನ ಭಾನುವಾರ, ರಿಪೇರಿ ಮಾಡುವ ಮೊದಲು, ಎಡಗಡೆಯ ಗುಂಡಿನ ಮೇಲಿದ್ದ ಟೆಂಪರೇಚರ್ ಪ್ರೋಬನ್ನು ಬಲಗಡೆಗೂ ಹಾಕಿ ನೋಡಿದೆ. ಕೌಂಟರ್ ಎರಡೂ ಕಡೆ 70. ಎಡಗಡೆ 54 ಡಿಗ್ರಿ ಫ್ಯಾರನ್‌ಹೀಟ್, ಬಲಗಡೆ 63. ಮೂರು ವಾರ ಭಾವ ಬಿಸಿನೀರಲ್ಲಿ ಗಾಳ ಹಾಕಿ ಕೂತಿದ್ದರು.

ರಿಪೇರಿಗೆ ಖರ್ಚೇ ಇಲ್ಲ. ಬ್ರೇಡ್ ಪೂರ್ತಿ ಬಿಚ್ಚಿ, ಡ್ರಮ್ಮಿಗೆ ಅಡಿಯಲ್ಲಿ ಹಳೆಯ ನೈಲಾನ್ ದಾರ ಸುತ್ತಿ, ಅದರ ಮೇಲೆ ಬ್ರೇಡ್ ಸುತ್ತಿದೆ. ಟೇಪಿನಲ್ಲಿ ಮತ್ತೆ ಅಳೆದಾಗ 50ಕ್ಕೆ 49 ಬಂತು. ಸಾಕು. ಡೈವರ್‌ಗೆ ಹಾಕುವ ಕೌಂಟರ್ ರೀಲುಗಳಿಗೂ ಇದೇ ಕಾಯಿಲೆ. ರೀಲು ತುಂಬಿದ್ದಾಗ ಮಾತ್ರ ಅಂಕಿ ಸರಿ. ದಾರ ಹರಿದು ನೂರಡಿ ಹೋದ ಮೇಲೆ ಆ ಅಂಕಿಯನ್ನು ನಂಬಬೇಡಿ.

ಎರಡೂ ಕಡೆ ಸುಮ್ಮನಿದ್ದರೆ

ಮೊದಲು ಟೆಂಪರೇಚರ್. ಬೇಸಿಗೆಯಲ್ಲಿ ಸರೋವರ ಎರಡು ಪದರವಾಗುತ್ತದೆ. ಮೇಲೆ ಬೆಚ್ಚಗಿನ ಹಗುರ ನೀರು, ಕೆಳಗೆ ತಣ್ಣಗಿನ ಭಾರದ ನೀರು, ನಡುವೆ ಕೆಲವೇ ಅಡಿಗಳಲ್ಲಿ ಸರ್ರನೆ ತಣ್ಣಗಾಗುವ ಪಟ್ಟಿ. ಚಿನೂಕ್ ಸಾಲ್ಮನ್‌ಗೆ 50ರಿಂದ 55 ಡಿಗ್ರಿ ಹಿತ. ಲೇಕ್ ಟ್ರೌಟ್ ಇನ್ನೂ ತಣ್ಣಗೆ, ಐವತ್ತರ ಒಳಗೆ. ಸ್ಟೀಲ್‌ಹೆಡ್ ಮತ್ತು ಬ್ರೌನ್ ಟ್ರೌಟ್ ಅರವತ್ತರ ಹತ್ತಿರವೂ ಇರುತ್ತವೆ. ಈ ಸರೋವರ ಅತಿ ಆಳದ ಕಡೆ 244 ಮೀಟರ್. ಹಿತವಾದ ಪಟ್ಟಿ ಅದರಲ್ಲಿ ಒಂದು ಗೆರೆಯಷ್ಟೇ.

ಆ ಗೆರೆ ಒಂದು ಕಡೆ ನಿಲ್ಲುವುದೂ ಇಲ್ಲ. ನಮ್ಮ ಉತ್ತರ ದಡದಲ್ಲಿ ಪಶ್ಚಿಮದ ಗಾಳಿ ಎರಡು ದಿನ ಜೋರಾಗಿ ಬೀಸಿದರೆ ಮೇಲಿನ ಬೆಚ್ಚನೆಯ ನೀರು ದಕ್ಷಿಣಕ್ಕೆ ಸರಿಯುತ್ತದೆ, ಕೆಳಗಿನ ತಣ್ಣೀರು ದಡದ ಹತ್ತಿರ ಮೇಲೆದ್ದು ಬರುತ್ತದೆ. ಭೂಮಿ ತಿರುಗುವುದರಿಂದ ಇಲ್ಲಿ ಗಾಳಿ ನೀರನ್ನು ತನ್ನ ಬಲಕ್ಕೆ ತಳ್ಳುತ್ತದೆ, ಅದಕ್ಕೆ ಹೀಗೆ. ಶುಕ್ರವಾರ ಈಜಾಡಿದ ಜಾಗದಲ್ಲಿ ಭಾನುವಾರ ಕೈ ಅದ್ದಿದರೆ ಮರಗಟ್ಟುತ್ತದೆ. ಪೂರ್ವದ ಗಾಳಿ ಬೀಸಿದರೆ ತಿರುಗಾಮುರುಗ: ಬೆಚ್ಚನೆಯ ನೀರು ನಮ್ಮ ಕಡೆ ಬಂದು ರಾಶಿಯಾಗುತ್ತದೆ, ಪಟ್ಟಿ ಆಳಕ್ಕೆ ಹೋಗುತ್ತದೆ. ಅಮೆರಿಕದ ದಡದವರಿಗೆ ಇದೆಲ್ಲ ಉಲ್ಟಾ. "ಹೋದ ವಾರ 70 ಅಡಿಯಲ್ಲಿ ಹೊಡೀತು" ಅನ್ನುವ ಮಾತಿಗೆ ಈ ವಾರ ಬೆಲೆಯಿಲ್ಲ. ಹೋಗುವ ಮೊದಲು ಹಿಂದಿನ ಎರಡು ದಿನದ ಗಾಳಿ ಯಾವ ಕಡೆಯದು ಅಂತ ನೋಡಿಕೊಳ್ಳಿ.

ಏಪ್ರಿಲ್, ಮೇ ತಿಂಗಳಲ್ಲಿ ಈ ಲೆಕ್ಕ ಬೇಡ. ಆಗ ಇಡೀ ಸರೋವರ ತಣ್ಣಗಿರುತ್ತದೆ. ದಡದ ಹತ್ತಿರ, ಹೊಳೆ ಸೇರುವ ಕಡೆ ಎಲ್ಲಿ ನೀರು ಚೂರು ಬೆಚ್ಚಗಿದೆಯೋ ಅಲ್ಲಿ ಹುಡುಕಿ.

ಟೆಂಪರೇಚರ್ ಸರಿ, ಫಿಶ್ ಫೈಂಡರಿನಲ್ಲಿ ಸಣ್ಣ ಮೀನಿನ ಮೋಡವೂ ಕಾಣುತ್ತಿದೆ, ಆದರೂ ಹೊಡೆತವಿಲ್ಲ. ಆ ಮೋಡ ಬಹುಪಾಲು ಏಲ್‌ವೈಫ್. ಚಿನೂಕ್ ಇಲ್ಲಿನ ಮೂಲದ ಮೀನಲ್ಲ. ಏಲ್‌ವೈಫ್ ವಿಪರೀತ ಹೆಚ್ಚಿದ್ದಕ್ಕೆ 1960ರ ದಶಕದ ಕೊನೆಯಲ್ಲಿ ಪೆಸಿಫಿಕ್ ಕಡೆಯಿಂದ ತಂದು ಈ ಮಹಾಸರೋವರಗಳಿಗೆ ಬಿಟ್ಟದ್ದು. ಊಟ ಇರುವ ಕಡೆ ಅದು ಇದ್ದೇ ಇರುತ್ತದೆ. ಹಾಗಾಗಿ ಈಗ ಸ್ಪೀಡು ನೋಡಿ.

ಜಿಪಿಎಸ್ ತೋರಿಸುವುದು ನೆಲದ ಲೆಕ್ಕದ ವೇಗ. ಸ್ಪೂನಿಗೆ ಬೇಕಾದ್ದು ತನ್ನ ಸುತ್ತಲಿನ ನೀರಿನ ಲೆಕ್ಕದ ವೇಗ. 70 ಅಡಿ ಕೆಳಗೆ ನೀರು ಬೇರೆಯೇ ದಿಕ್ಕಿಗೆ ಹರಿಯುತ್ತಿರಬಹುದು. ಸಾಲ್ಮನ್‌ಗೆ ಗುಂಡಿನ ಹತ್ತಿರ ಗಂಟೆಗೆ 2ರಿಂದ 2.8 ಮೈಲಿ ಇದ್ದರೆ ಸಾಮಾನ್ಯವಾಗಿ ಸರಿ. ಪೂರ್ವಕ್ಕೆ ಹೋಗುವಾಗ ಹೊಡೆತ, ಪಶ್ಚಿಮಕ್ಕೆ ತಿರುಗಿದ ಕೂಡಲೇ ನಿಶ್ಶಬ್ದ ಅಂತಾದರೆ ಅಡಿಯಲ್ಲಿ ಹರಿವಿದೆ ಅಂತಲೇ ಅರ್ಥ. ಗುಂಡಿನ ಹತ್ತಿರದ ವೇಗವನ್ನೂ ತೋರಿಸುವ ಪ್ರೋಬ್ ಇಲ್ಲದವರು ಕೇಬಲ್ ಓಲಿರುವುದನ್ನು ನೋಡಿ. ಮೀನು ಹೊಡೆದಾಗ ಕೇಬಲ್ ಎಷ್ಟು ಓಲಿತ್ತೋ, ತಿರುಗಿ ಬರುವಾಗಲೂ ಅಷ್ಟೇ ಓಲುವ ಹಾಗೆ ಮೋಟಾರು ಹೆಚ್ಚು ಕಡಿಮೆ ಮಾಡಿ. ಜಿಪಿಎಸ್ ಏನಾದರೂ ಹೇಳಲಿ.

ಕೇಬಲ್ ಓಲಿದಷ್ಟೂ ಆಳ ಕಡಿಮೆಯಾಗುತ್ತದೆ. ನೆಟ್ಟಗಿನಿಂದ 30 ಡಿಗ್ರಿ ಓಲಿದ್ದರೆ 100 ಅಡಿ ಬಿಟ್ಟರೂ ಗುಂಡು ಸುಮಾರು 87 ಅಡಿಯಲ್ಲಿರುತ್ತದೆ. 45 ಡಿಗ್ರಿ ಆದರೆ ಸುಮಾರು 70. ಗುಂಡು ಹಿಂದಕ್ಕೆ ಹೋದಾಗ ಫಿಶ್ ಫೈಂಡರಿನ ಕಿರಣದಿಂದಲೂ ಆಚೆ ಹೋಗುತ್ತದೆ, ಪರದೆಯಲ್ಲಿ ಕಾಣುವುದಿಲ್ಲ. ನನ್ನ ಬಲಗಡೆಯ ದೋಷ ಮೊದಲೇ ಕಣ್ಣಿಗೆ ಬೀಳದಿದ್ದದ್ದು ಅದಕ್ಕೇ. ಆಳದಲ್ಲಿ ಎಳೆಯುವುದಾದರೆ ಗುಂಡು 15 ಪೌಂಡಿನದಿರಲಿ.

ಸ್ಪೀಡು ಹೆಚ್ಚೋ ಕಡಿಮೆಯೋ ಗೊತ್ತಾಗದಿದ್ದರೆ ಹಾವಿನ ಹಾಗೆ ಬೋಟ್ ಓಡಿಸಿ. ತಿರುಗುವಾಗ ಒಳಗಡೆಯ ಗಾಳ ನಿಧಾನವಾಗಿ ಕೆಳಗಿಳಿಯುತ್ತದೆ, ಹೊರಗಡೆಯದು ವೇಗವಾಗಿ ಮೇಲೇಳುತ್ತದೆ. ಹೊರಗಡೆಯದಕ್ಕೆ ಹೊಡೆದರೆ ಸ್ಪೀಡು ಹೆಚ್ಚಿಸಿ, ಒಳಗಡೆಯದಕ್ಕೆ ಹೊಡೆದರೆ ಇಳಿಸಿ. ಪೈಸೆ ಖರ್ಚಿಲ್ಲದ ಪರೀಕ್ಷೆ. ಇಷ್ಟು ದಿನ ಮೀನು ಹಿಡಿದೂ ನೆಟ್ಟಗೆ ಗೆರೆ ಎಳೆದಂತೆ ಹೋಗುವವರನ್ನು ಕಂಡರೆ ನನಗೆ ಆಶ್ಚರ್ಯ.

ಇಷ್ಟೆಲ್ಲ ನೋಡಿದ ಮೇಲೆ ಬಣ್ಣದ ಡಬ್ಬಿ ತೆಗೆಯಿರಿ. ಆಳಕ್ಕೆ ಹೋದಂತೆ ಕೆಂಪು ಮೊದಲು ಕಾಣದಾಗುತ್ತದೆ. ನಸುಕಿನಲ್ಲಿ, ಬೆಳಕು ಹೀರಿ ಕತ್ತಲಲ್ಲಿ ಹೊಳೆಯುವ ಬಣ್ಣದ ಸ್ಪೂನಿಗೆ ಟಾರ್ಚ್ ಹಿಡಿದು ಇಳಿಸಿದರೆ ಒಳ್ಳೆಯದು. ಬಿಸಿಲು ಏರಿದ ಮೇಲೆ ಅದರ ಕೆಲಸ ಅಷ್ಟಕ್ಕಷ್ಟೇ.

ಹೊಡೆತ ಇದೆ, ಮೀನಿಲ್ಲ

ಕ್ಲಿಪ್‌ಗೆ ಸಿಕ್ಕಿಸಿದ ಮೇಲೆ ರಾಡ್ ಬಿಲ್ಲಿನ ಹಾಗೆ ಬಾಗಿರಬೇಕು, ತುದಿ ನೀರಿನ ಕಡೆ ಎಳೆದಿರಬೇಕು. ಮೀನು ಹೊಡೆದು ಕ್ಲಿಪ್ ಬಿಟ್ಟಾಗ ರಾಡ್ ಟಪ್ಪನೆ ನೆಟ್ಟಗಾಗಿ ಸಡಿಲವನ್ನು ಎಳೆದುಕೊಳ್ಳುತ್ತದೆ. ರಾಡ್ ಸುಮ್ನೆ ನಿಂತಿದ್ದರೆ ಆ ಸಡಿಲ ಹಾಗೇ ಉಳಿಯುತ್ತದೆ, ಮೀನು ತಲೆ ಕೊಡವಿ ಹೋಗುತ್ತದೆ. ಗಾಳದ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಎಳೆಯಿರಿ. ಕಚ್ಚಿ ನಿಂತರೆ ಸರಿ, ಜಾರಿದರೆ ಉಜ್ಜಿ ಅಥವಾ ಬಿಸಾಡಿ. ರೀಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಡುವ ಬಿಗಿ, ದಾರದ ಬಲದ ಕಾಲು ಭಾಗ ಮೀರದಿರಲಿ. ಇಪ್ಪತ್ತು ಪೌಂಡಿನ ಚಿನೂಕ್ ಬೋಟ್ ಕಂಡ ಕೂಡಲೇ ಇನ್ನೊಂದು ಸಲ ಓಡುತ್ತದೆ. ದಾರ ಹರಿಯುವುದು ಬಹಳ ಸಲ ಆ ಹೊತ್ತಿಗೇ.

ಕ್ಲಿಪ್ ತುಂಬ ಬಿಗಿಯಾದರೆ ಬೇರೆ ತಂಟೆ. ಗೇಣುದ್ದದ ಮರಿ ಕಚ್ಚಿದರೂ ಕ್ಲಿಪ್ ಬಿಡುವುದಿಲ್ಲ. ನೀವು ಅರ್ಧ ಗಂಟೆ ಆ ಮರಿಯನ್ನು ಎಳೆದುಕೊಂಡು ತಿರುಗುತ್ತೀರಿ, ದೊಡ್ಡದು ಹತ್ತಿರ ಬರುವುದಿಲ್ಲ. ರಾಡಿನ ತುದಿ ಒಂದೇ ತಾಳದಲ್ಲಿ ಮಿಡಿಯುವುದು ಬಿಟ್ಟು ತಡವರಿಸಿದರೆ ಎತ್ತಿ ನೋಡಿ.

ಜುಲೈ ಕೊನೆಯಿಂದ ಇನ್ನೊಂದು ಕಾಟ ಇದೆ, ಉದ್ದ ಬಾಲದ ನೀರುಚಿಗಟ. ಒಂದು 1980ರ ದಶಕದಲ್ಲಿ ಬಂದದ್ದು, ಇನ್ನೊಂದು ಬಗೆ 1998ರಲ್ಲಿ ಈ ಸರೋವರದಲ್ಲಿ ಕಂಡದ್ದು. ಎರಡೂ ಹೊರಗಿನವು. ಬಾಲದ ಮುಳ್ಳು ದಾರಕ್ಕೆ ಸಿಕ್ಕಿಕೊಂಡು, ಒದ್ದೆ ಹತ್ತಿಯಂತೆ ಮುದ್ದೆಯಾಗುತ್ತದೆ. ಒಳ್ಳೆಯ ಮೀನು ಹತ್ತಿರ ಬಂದಿರುತ್ತದೆ, ರೀಲು ಸುತ್ತುತ್ತಿದ್ದಂತೆ ಆ ಮುದ್ದೆ ರಾಡಿನ ತುದಿಯ ಉಂಗುರದಲ್ಲಿ ಸಿಕ್ಕಿ ದಾರ ನಿಂತೇಬಿಡುತ್ತದೆ. ಭಾವ ಒಂದು ಸಲ ಹಲ್ಲಿನಲ್ಲಿ ಕೆರೆದು ತೆಗೆದಿದ್ದಾರೆ. ನೀವು ಅಷ್ಟು ದೂರ ಹೋಗಬೇಡಿ, ಬೆರಳಲ್ಲೇ ಚಿವುಟಿ ತೆಗೆಯಿರಿ. ಬೇಸಿಗೆಗೆ 30 ಪೌಂಡಿನ ದಪ್ಪ ನೈಲಾನ್ ಹಾಕಿದರೆ ಕಡಿಮೆ ಹಿಡಿಯುತ್ತದೆ. ಸಣ್ಣ ಬ್ರೇಡನ್ನು ಗಾಳದ ದಾರವಾಗಿ ಬಳಸಿದರಂತೂ ಇವಕ್ಕೆ ಹಬ್ಬ.

ಬಲಗಡೆ ಸರಿಹೋದ ಮೇಲೆ ಆಗಸ್ಟ್‌ನಲ್ಲಿ ಮೊದಲ ಮೀನು ಹೊಡೆದಾಗ ರಾಡ್ ಹಿಡಿದಿದ್ದವರು ಭಾವನೇ. "ನೋಡಿದ್ಯಾ, ಕಾಲ್ಗುಣ!" ಅಂದರು. ಈ ಏಪ್ರಿಲ್‌ನಲ್ಲಿ ಯಾತಕ್ಕೂ ಇರಲಿ ಅಂತ ಎಡಗಡೆಯದನ್ನೂ ಟೇಪು ಹಿಡಿದು ಅಳೆದೆ. ತುದಿ ಸವೆಯುತ್ತದೆ ಅಂತ ವರ್ಷ ವರ್ಷ ಹತ್ತಡಿ ಕೇಬಲ್ ಕತ್ತರಿಸಿ ಬಿಸಾಡುತ್ತಾ ಬಂದಿದ್ದೆ. 50ಕ್ಕೆ 47.